ಜಪಾನಿನ ಎಳ್ಳು, ನಮ್ಮ ಹುಚ್ಚೆಳ್ಳು

ಜಪಾನಿನ ಎಳ್ಳಿನ ಸಲಾಡ್ ಡ್ರೆಸ್ಸಿಂಗ್ ಎಂದರೆ ಹುರಿದು ಅರೆದ ಎಳ್ಳಿಗೆ ಸೋಯಾ ಸಾಸ್, ವಿನೆಗರ್, ಸಕ್ಕರೆ ಬೆರೆಸಿದ್ದು. ಹಸಿ ಸೌತೆಕಾಯಿಗೂ ಹಾಕುತ್ತಾರೆ, ಬೇಯಿಸಿದ ಸೊಪ್ಪಿಗೂ ಕಲಸುತ್ತಾರೆ. ಬಾಟಲಿ ಈಚಿನದು, ಮನೆಯಲ್ಲೇ ಎಳ್ಳು ಅರೆದು ಸೊಪ್ಪಿಗೆ ಕಲಸುವ 'ಗೋಮಾ ಆಯೆ' ಅಲ್ಲಿನ ಹಳೆಯ ಅಡುಗೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆಯ ನಮಗೆ ಇದು ಹೊಸದಲ್ಲ. ನಮ್ಮಲ್ಲಿ ಎಳ್ಳಿನ ಜಾಗಕ್ಕೆ ಹುಚ್ಚೆಳ್ಳು, ಹುಳಿಗೆ ಹುಣಸೆಹಣ್ಣು. ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಹಾಕಿ ಕುಟ್ಟಿದರೆ ಪುಡಿ. ರೊಟ್ಟಿಗೆ ನೆಂಚಿಕೊಳ್ಳಬಹುದು, ಬದನೆಕಾಯಿ ಪಲ್ಯಕ್ಕೆ ಉದುರಿಸಬಹುದು. ಹುಣಸೆ ಸೇರಿಸಿ ಅರೆದರೆ ಚಟ್ನಿ.

ಹುಚ್ಚೆಳ್ಳಿನ ತವರು ಇಥಿಯೋಪಿಯ. ಇಲ್ಲಿ ಅದು ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಜೋಳದ ಜೊತೆ ಬೆಳೆಯುತ್ತಿತ್ತು. ಬೇರೆ ಹೊಲ ಕೇಳಲಿಲ್ಲ, ಹಾಗಾಗಿ ಯಾರ ಲೆಕ್ಕಕ್ಕೂ ಬರಲಿಲ್ಲ. ಅದೇ ಅದಕ್ಕೆ ಮುಳುವಾಯಿತು ಅನ್ನಿಸುತ್ತದೆ ನಮಗೆ. ವರ್ಜೀನಿಯಾ ಹೊಗೆಸೊಪ್ಪು ಹಬ್ಬಿತು. 1976ರಲ್ಲಿ ತಂಬಾಕು ಮಂಡಳಿ ಬಂತು, ಆಮೇಲೆ ಹರಾಜು ಮಾರುಕಟ್ಟೆ, ಊರೂರಿಗೆ ಬ್ಯಾರನ್ನು. ಹೊಗೆಸೊಪ್ಪಿನ ಹೊಲದಲ್ಲಿ ಅಕ್ಕಡಿಗೆ ಜಾಗವಿಲ್ಲ. ಅದು ಮುಗಿದ ಮೇಲೆ ರಾಗಿ ಚೆಲ್ಲಿದವರೂ ಆ ಸಾಲುಗಳಿಗೆ ಹಿಂದಿರುಗಿದ್ದು ಕಡಿಮೆ. (ಕೆ.ಆರ್.ನಗರದ್ದು ಕಾಲುವೆ ನೀರಿನ ಭತ್ತದ ಕಥೆ, ಅದು ಬೇರೆಯೇ.)

ಹುಚ್ಚೆಳ್ಳಿನ ಹಳದಿ ಹೂ ಕಾಳುಕಟ್ಟಲು ಜೇನುನೊಣ ಬೇಕು. ಸಾಲು ಹೋದಾಗ ಜೇನಿನ ಮೇವೂ ಹೋಯಿತು.

ಈಚೆಗೆ ಹುಣಸೂರು ಸಂತೆಯಲ್ಲಿ ಕಾಲು ಕೆ.ಜಿ. ಹುಚ್ಚೆಳ್ಳು ಕೊಂಡೆವು. ಯಾವ ಊರಿನದು ಅವ್ವ ಎಂದು ಕೇಳಿದ್ದಕ್ಕೆ ಮಾರುವಾಕೆ, "ಲಾರೀಲಿ ಬತ್ತದೆ ಕಣಪ್ಪ" ಅಂದರು.