ಗೋವಾದಲ್ಲಿ ಬಾಡಿಗೆ ಕಾರು ಹತ್ತುವ ಮುನ್ನ ನಂಬರ್ ಪ್ಲೇಟ್ ನೋಡಿ: ಮಾಂಡೋವಿ ದ್ವೀಪಗಳ ಸುತ್ತಾಟ, ಊಟದ ಪೂರ್ಣ ಮಾಹಿತಿ ಇಲ್ಲಿದೆ

ಘಾಜಿಯಾಬಾದ್: ಇಂದಿರಾಪುರಂ, ವೈಶಾಲಿ, ವಸುಂಧರಾ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಹಿಂಡನ್ ವಿಮಾನ ನಿಲ್ದಾಣ ಹೊಸದಲ್ಲ. 2019ರ ನವೆಂಬರ್‌ನಲ್ಲಿ ಸ್ಟಾರ್ ಏರ್ ಇಲ್ಲಿಂದ ಹುಬ್ಬಳ್ಳಿಗೆ ವಿಮಾನ ಶುರು ಮಾಡಿದಾಗಲೇ ಈ ಹೆಸರು ಉತ್ತರ ಕರ್ನಾಟಕದವರ ಬಾಯಲ್ಲಿ ಬಂದಿತ್ತು. 2025ರ ಮಾರ್ಚ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಇಲ್ಲಿಂದ ಬೆಂಗಳೂರು, ಕೋಲ್ಕತ್ತಾ ಜೊತೆಗೆ ಗೋವಾಕ್ಕೂ ಹಾರಾಟ ಆರಂಭಿಸಿತು. ಯಮುನೆ ದಾಟಿ, ದೆಹಲಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಇಂದಿರಾ ಗಾಂಧಿ ವಿಮಾನ ನಿಲ್ದಾಣಕ್ಕೆ ಹೋಗುವ ಕಷ್ಟ ತಪ್ಪಿತು. ಬೇಸಿಗೆ ಮತ್ತು ಚಳಿಗಾಲಕ್ಕೆ ವೇಳಾಪಟ್ಟಿ ಬದಲಾಗುವುದರಿಂದ ರಜೆ ಹಾಕುವ ಮೊದಲು ವಿಮಾನ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಗೋವಾದಲ್ಲಿ ಇಳಿದವರು ಮೊದಲು ಹುಡುಕುವುದು ಸೆಲ್ಫ್ ಡ್ರೈವ್ ಕಾರನ್ನು. ಟ್ಯಾಕ್ಸಿ ದುಬಾರಿ, ಬಸ್ ಎಲ್ಲ ಕಡೆಗೂ ಇಲ್ಲ ಎಂಬ ಲೆಕ್ಕ. ಲೆಕ್ಕವೇನೋ ಸರಿ. ಆದರೆ ಯಾವ ಕಾರು ಎನ್ನುವುದನ್ನು ನೋಡದೆ ಕೀ ತೆಗೆದುಕೊಂಡರೆ, ಅಪಘಾತವಾದ ದಿನ ಇಡೀ ಖರ್ಚು ನಿಮ್ಮ ತಲೆ ಮೇಲೆ ಬೀಳಬಹುದು.

ಕಪ್ಪು ಪ್ಲೇಟ್, ಹಳದಿ ಅಕ್ಷರ

ಬಿಳಿ ಪ್ಲೇಟ್ ಮೇಲೆ ಕಪ್ಪು ಅಕ್ಷರ ಇದ್ದರೆ ಅದು ಖಾಸಗಿ ವಾಹನ. ಹಳದಿ ಪ್ಲೇಟ್ ಮೇಲೆ ಕಪ್ಪು ಅಕ್ಷರವಾದರೆ ಟ್ಯಾಕ್ಸಿ. ನೀವೇ ಓಡಿಸಲು ಬಾಡಿಗೆಗೆ ಕೊಡುವ ಕಾರಿನದ್ದು ಕಪ್ಪು ಪ್ಲೇಟ್, ಅದರ ಮೇಲೆ ಹಳದಿ ಅಕ್ಷರ. ಮೋಟಾರು ವಾಹನ ಕಾಯ್ದೆಯಡಿ ಬಂದ 1989ರ ರೆಂಟ್-ಎ-ಕ್ಯಾಬ್ ಯೋಜನೆಯಲ್ಲಿ ಪರವಾನಗಿ ಪಡೆದವರು ಮಾತ್ರ ಹೀಗೆ ಕಾರು ಬಾಡಿಗೆಗೆ ಕೊಡಬಹುದು. ಸ್ಕೂಟರ್, ಬೈಕ್‌ಗಳಿಗೆ 1997ರ ಪ್ರತ್ಯೇಕ ಯೋಜನೆ ಇದೆ.

ಗೋವಾದಲ್ಲಿ ಬಿಳಿ ಪ್ಲೇಟಿನ ಕಾರುಗಳೂ ಬಾಡಿಗೆಗೆ ಸಿಗುತ್ತವೆ, ಅದೂ ದಿನಕ್ಕೆ ಕೆಲವು ನೂರು ರೂಪಾಯಿ ಕಡಿಮೆಗೆ. ‘ಯಾರಾದರೂ ಕೇಳಿದರೆ ಫ್ರೆಂಡ್ ಕಾರು ಅಂತ ಹೇಳಿ’ ಎಂಬ ಸಲಹೆಯೂ ಜೊತೆಗೆ ಬರುತ್ತದೆ. ಈ ಮಾತು ಕಿವಿಗೆ ಬಿದ್ದ ಕೂಡಲೇ ಅಲ್ಲಿಂದ ಹೊರಡುವುದು ಒಳ್ಳೆಯದು. ಖಾಸಗಿ ಕಾರಿನ ವಿಮೆ ಪಾಲಿಸಿ ಸಾಮಾನ್ಯವಾಗಿ ಬಾಡಿಗೆ ಬಳಕೆಯನ್ನು ಹೊರಗಿಡುತ್ತದೆ. ಹೀಗಾಗಿ ಕಾರಿಗೆ ಪೆಟ್ಟಾದರೆ ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಬಹುದು. ಎದುರಿನವರಿಗೆ ಗಾಯವಾದರೆ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಆ ಹಣ ವಸೂಲಿಗೆ ಹೊರಡುವ ಸಾಧ್ಯತೆಯೂ ಇದೆ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಪರ್ಮಿಟ್ ಇಲ್ಲದ ಬಳಕೆಗೆ ಶಿಕ್ಷೆ ಹೇಳುವ ಕಾಯ್ದೆಯ 192ಎ ಸೆಕ್ಷನ್ ಮಾಲೀಕನನ್ನಷ್ಟೇ ಹಿಡಿಯುವುದಿಲ್ಲ, ಓಡಿಸಿದವನನ್ನೂ ಹೆಸರಿಸುತ್ತದೆ. 2019ರ ತಿದ್ದುಪಡಿ ಬಳಿಕ ಮೊದಲ ತಪ್ಪಿಗೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಇದೆ. ಉಳಿಸಿದ ನೂರಿನ್ನೂರು ರೂಪಾಯಿ ಇದರ ಮುಂದೆ ಎಲ್ಲಿ ನಿಲ್ಲುತ್ತದೆ? ಅಂದಹಾಗೆ ಈ ನಿಯಮ ಇಡೀ ದೇಶಕ್ಕೆ ಒಂದೇ. ಘಾಜಿಯಾಬಾದ್‌ನಿಂದ ಮಸ್ಸೂರಿಗೆ ವಾರಾಂತ್ಯದ ಪ್ರವಾಸಕ್ಕೆಂದು ಕಾರು ಬಾಡಿಗೆ ಪಡೆದರೂ ನೋಡಬೇಕಾದ್ದು ಇದೇ ಕಪ್ಪು ಪ್ಲೇಟ್.

ಕೀ ಪಡೆಯುವಾಗ ಕಾರಿನ ಸುತ್ತ ಒಂದು ಸುತ್ತು ಬಂದು ಮೊಬೈಲ್‌ನಲ್ಲಿ ವಿಡಿಯೊ ಮಾಡಿ. ಗೀರು, ಟೈರು, ಪೆಟ್ರೋಲ್ ಮುಳ್ಳು ಎಲ್ಲ ಅದರಲ್ಲಿ ಕಾಣಬೇಕು. ಠೇವಣಿಗೆ ರಸೀದಿ ಕೇಳಿ. ಮೂಲ ಆಧಾರ್ ಅಥವಾ ಲೈಸೆನ್ಸನ್ನು ಒತ್ತೆ ಇಡಬೇಡಿ. ಡಿಜಿಲಾಕರ್ ಪ್ರತಿ ತೋರಿಸಿದರೆ ಸಾಕು. ಲರ್ನರ್ ಲೈಸೆನ್ಸ್ ನಡೆಯುವುದಿಲ್ಲ. ಅದೇ ಕಾರಿನಲ್ಲಿ ಕಾರವಾರಕ್ಕೋ ದಾಂಡೇಲಿಗೋ ಹೋಗುವ ಆಸೆ ಇದ್ದರೆ, ರಾಜ್ಯದ ಗಡಿ ದಾಟಲು ಪರ್ಮಿಟ್ ಇದೆಯೇ ಎಂದು ಮೊದಲೇ ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಗೋವಾದಲ್ಲಿ ವಿಮಾನ ನಿಲ್ದಾಣ ಎರಡಿವೆ, ದಕ್ಷಿಣಕ್ಕೆ ದಾಬೋಲಿಂ, ಉತ್ತರಕ್ಕೆ 2023ರ ಜನವರಿಯಿಂದ ವಿಮಾನಗಳು ಓಡಾಡುತ್ತಿರುವ ಮೋಪಾ. ಟಿಕೆಟ್ ಒಂದಕ್ಕೆ, ಕಾರು ಇನ್ನೊಂದಕ್ಕೆ ಬುಕ್ ಮಾಡಿಕೊಂಡು ಪರದಾಡುವವರು ಇದ್ದಾರೆ.

ನೀವು ನಿಂತಿರುವುದೇ ದ್ವೀಪದ ಮೇಲೆ

ಕಾರು ಸಿಕ್ಕ ಮೇಲೆ ಎಲ್ಲರೂ ತಿರುಗುವುದು ಬಾಗಾ, ಕಲಂಗುಟ್ ಕಡೆಗೆ. ಆದರೆ ಪಣಜಿ ಇರುವ ತಿಸವಾಡಿ ತಾಲೂಕೇ ಒಂದು ದ್ವೀಪ ಎನ್ನುವುದು ಅಲ್ಲಿ ಹತ್ತು ಸಲ ಹೋಗಿ ಬಂದವರಿಗೂ ಹೊಳೆದಿರುವುದಿಲ್ಲ. ಉತ್ತರಕ್ಕೆ ಮಾಂಡೋವಿ, ದಕ್ಷಿಣಕ್ಕೆ ಜುವಾರಿ, ಪೂರ್ವದಲ್ಲಿ ಇವೆರಡನ್ನೂ ಜೋಡಿಸುವ ಕುಂಬಾರಜುವಾ ಕಾಲುವೆ, ಪಶ್ಚಿಮಕ್ಕೆ ಅರಬ್ಬಿ ಸಮುದ್ರ. ಮೂವತ್ತು ಊರುಗಳ ಗುಂಪು ಎಂಬ ಅರ್ಥದಲ್ಲಿ ತಿಸವಾಡಿ ಎಂಬ ಹೆಸರು. ಪೋರ್ಚುಗೀಸರು ಇದನ್ನೂ ಸುತ್ತಲಿನ ನಡುಗಡ್ಡೆಗಳನ್ನೂ ಸೇರಿಸಿ ‘ಇಲ್ಯಾಸ್’, ಅಂದರೆ ದ್ವೀಪಗಳು, ಎಂದೇ ಕರೆದರು. ಕುಂಬಾರಜುವಾ ಕಾಲುವೆಯಲ್ಲಿ ಮೊಸಳೆಗಳಿವೆ, ಈಜುವ ಯೋಚನೆ ಬೇಡ.

ಮಾಂಡೋವಿ ಎಂದರೆ ನಮ್ಮ ಮಹದಾಯಿ. ಬೆಳಗಾವಿ ಜಿಲ್ಲೆ ಖಾನಾಪುರ ತಾಲೂಕಿನ ಭೀಮಗಡ ಕಾಡಿನಲ್ಲಿ ಹುಟ್ಟಿ, ಕಳಸಾ-ಬಂಡೂರಿ ಹೋರಾಟದಲ್ಲಿ ಮನೆಮಾತಾಗಿರುವ ಅದೇ ನದಿ ಇಲ್ಲಿ ಹಳೆ ಗೋವಾದ ಎದುರು ಅಗಲವಾಗಿ ಹರಡಿಕೊಂಡು, ನಡುವೆ ದಿವಾರ್ ಮತ್ತು ಚೋರಾವ್ ಎಂಬ ಎರಡು ದೊಡ್ಡ ನಡುಗಡ್ಡೆಗಳನ್ನು ಬಿಟ್ಟಿದೆ. ಸ್ಥಳೀಯರ ಬಾಯಲ್ಲಿ ಇವು ದಿವಾಡಿ, ಚೊಡಣ. ಬಾಡಿಗೆ ಕಾರಿಗೆ ಒಂದು ದಿನದ ಕೆಲಸ ಕೊಡುವುದಾದರೆ ನನ್ನ ಆಯ್ಕೆ ಇವೆರಡು.

ದಿವಾರ್‌ಗೆ ಫೆರಿಯೇ ದಾರಿ. ಹಳೆ ಗೋವಾದ ವೈಸರಾಯ್ ಕಮಾನಿನ ಹಿಂದೆಯೇ ಕಟ್ಟೆ ಇದೆ. ಬಾಮ್ ಜೀಸಸ್ ಬೆಸಿಲಿಕಾ ನೋಡಿದವರು ಇನ್ನೊಂದೆರಡು ನಿಮಿಷ ಮುಂದೆ ಹೋದರೆ ಸಾಕು. ರಾಜ್ಯದ ನದಿ ಸಂಚಾರ ಇಲಾಖೆಯ ಈ ದೋಣಿಗಳಲ್ಲಿ ನಡೆದು ಬರುವವರಿಗೆ ಟಿಕೆಟ್ ಇಲ್ಲ, ಕಾರಿಗೆ ಸಣ್ಣ ಶುಲ್ಕ. ಚೋರಾವ್‌ಗೆ ರಾಯಬಂದರ್‌ನಿಂದ ಹೋಗಬೇಕು. 2025ರ ಜುಲೈನಲ್ಲಿ ಈ ಮಾರ್ಗಕ್ಕೆ ಹೆಚ್ಚು ವಾಹನ ಹಿಡಿಯುವ ರೋ-ರೋ ಫೆರಿಗಳು ಬಂದಿವೆ. ಮಾಯೆಂ ಕಡೆಯಿಂದ ಚೋರಾವ್‌ಗೆ ರಸ್ತೆಯೂ ಇದೆ.

ಕಾರನ್ನು ಫೆರಿಗೆ ಏರಿಸುವುದು ಮೊದಲ ಸಲ ಸ್ವಲ್ಪ ಎದೆ ಹೊಡೆದುಕೊಳ್ಳುವ ಕೆಲಸವೇ. ಸಿಬ್ಬಂದಿ ಕೈ ತೋರಿಸಿದಂತೆ ಮೊದಲ ಗೇರ್‌ನಲ್ಲಿ ನಿಧಾನ ಹೋಗಿ. ಕೆಲವೊಮ್ಮೆ ರಿವರ್ಸ್‌ನಲ್ಲಿ ಏರಿಸಿ ಎನ್ನುತ್ತಾರೆ. ನಿಂತ ಮೇಲೆ ಎಂಜಿನ್ ಆಫ್, ಹ್ಯಾಂಡ್ ಬ್ರೇಕ್ ಹಾಕಿ, ಗೇರ್‌ನಲ್ಲೇ ಬಿಡಿ. ಇನ್ನೂ ಮುಖ್ಯವಾದದ್ದು ರಾತ್ರಿಯ ವಿಚಾರ. ಮೊಬೈಲ್ ಮ್ಯಾಪ್‌ನಲ್ಲಿ ರಸ್ತೆಯ ಗೆರೆ ನೇರವಾಗಿ ನದಿ ದಂಡೆಗೇ ಹೋಗಿ ನಿಲ್ಲುತ್ತದೆ. ಪರಿಚಯವಿಲ್ಲದ ಊರಿನಲ್ಲಿ, ಮಳೆಯಲ್ಲಿ, ಕತ್ತಲಲ್ಲಿ ಅದನ್ನೇ ನಂಬಿ ಓಡಿಸುವುದು ಅಪಾಯ. ಕೊನೆಯ ಫೆರಿ ಎಷ್ಟು ಹೊತ್ತಿಗೆ ಎಂದು ಹೋಗುವಾಗಲೇ ಕೇಳಿಕೊಳ್ಳಿ, ಸಂಜೆ ಬೆಳಕಿರುವಾಗಲೇ ವಾಪಸ್ ಬನ್ನಿ.

ಈ ಫೆರಿ ಪ್ರವಾಸಿಗರ ಜಾಲಿ ರೈಡ್ ಅಲ್ಲ ಎಂಬುದೂ ನೆನಪಿರಲಿ. ಶಾಲೆ, ಕಚೇರಿ, ಆಸ್ಪತ್ರೆಗೆ ಹೋಗುವ ದ್ವೀಪದ ಜನರಿಗೆ ಅದೇ ಬಸ್ಸು, ಅದೇ ಸೇತುವೆ. ಒಂದು ಕಾರು ಏರಿದರೆ ಅಷ್ಟು ಸ್ಕೂಟರ್‌ಗಳಿಗೆ ಜಾಗ ಹೋಯಿತು. ಬೆಳಗ್ಗೆ ಒಂಬತ್ತರ ಗಡಿಬಿಡಿ ಮುಗಿದ ಮೇಲೆ ಹೋದರೆ ಅವರಿಗೂ ಅನುಕೂಲ, ನಿಮಗೂ. ಆಗಸ್ಟ್‌ನ ನಾಲ್ಕನೇ ಶನಿವಾರ ದಿವಾರ್‌ನಲ್ಲಿ ಬೊಂಡೆರಾಂ ಎಂಬ ಧ್ವಜಗಳ ಹಬ್ಬ. ಊರಿನ ಗಡಿ ಜಗಳಕ್ಕೆ ಪೋರ್ಚುಗೀಸರು ನೆಟ್ಟ ಬಾವುಟಗಳನ್ನು ಜನ ಕೆಡವುತ್ತಿದ್ದರು ಎಂಬ ಕಥೆ ಅದರ ಹಿಂದಿದೆ. ಆ ದಿನ ಕಾರನ್ನು ಹಳೆ ಗೋವಾದಲ್ಲೇ ಬಿಟ್ಟು ನಡೆದು ಹೋಗುವುದೇ ವಾಸಿ.

ಕದಂಬರ ಕುಲದೇವರ ಊರು

ದಿವಾರ್‌ನಲ್ಲಿ ‘ನೋಡುವಂಥದ್ದು ಏನಿದೆ’ ಎಂದು ಕೇಳಿದರೆ ಗದ್ದೆ, ಕೆಂಪು ಹೆಂಚಿನ ಹಳೆ ಮನೆಗಳು, ಪಿಯೆದಾದೆ ಗುಡ್ಡದ ಮೇಲಿನ ಚರ್ಚು. ಆದರೆ ಕನ್ನಡಿಗರಿಗೆ ಇಲ್ಲಿ ಬೇರೆಯದೇ ಕೆಲಸವಿದೆ. ಗೋವಾ ಕದಂಬರ ಕುಲದೇವರಾದ ಸಪ್ತಕೋಟೇಶ್ವರನ ಮೂಲ ದೇಗುಲ ಇದೇ ದ್ವೀಪದ ನಾರ್ವೆಯಲ್ಲಿತ್ತು. ಆ ದೊರೆಗಳು ಶಾಸನಗಳಲ್ಲಿ, ನಾಣ್ಯಗಳಲ್ಲಿ ತಮ್ಮನ್ನು ಸಪ್ತಕೋಟೇಶ್ವರನ ವರಪ್ರಸಾದ ಪಡೆದವರು ಎಂದು ಕರೆದುಕೊಂಡರು. ಬೆಳಗಾವಿ ಜಿಲ್ಲೆಯ ಹಲಸಿ ಅವರ ಇನ್ನೊಂದು ರಾಜಧಾನಿ. ಕಿತ್ತೂರು ಬಳಿಯ ದೇಗಾಂವದ ಕಮಲನಾರಾಯಣ ಗುಡಿ ಕಟ್ಟಿಸಿದ ಕಮಲಾದೇವಿ ಇದೇ ಮನೆತನದ ರಾಣಿ. ಗೋವಾದ ಸರ್ಕಾರಿ ಬಸ್ಸುಗಳ ಮೇಲೆ ಇಂದಿಗೂ ‘ಕದಂಬ’ ಎಂದೇ ಬರೆದಿರುತ್ತದೆ.

ಪೋರ್ಚುಗೀಸರ ಕಾಲದಲ್ಲಿ 16ನೇ ಶತಮಾನದಲ್ಲಿ ಆ ದೇಗುಲ ನೆಲಸಮವಾಯಿತು. ಲಿಂಗವನ್ನು ಭಕ್ತರು ನದಿ ದಾಟಿಸಿ ಡಿಚೋಲಿ ಕಡೆಯ ದಡಕ್ಕೆ ಸಾಗಿಸಿದರು. ಅಲ್ಲಿನ ಊರಿಗೂ ನಾರ್ವೆ ಎಂದೇ ಹೆಸರು. 1668ರಲ್ಲಿ ಶಿವಾಜಿ ಆ ಗುಡಿಯ ಜೀರ್ಣೋದ್ಧಾರ ಮಾಡಿಸಿದರು. ದಿವಾರ್‌ನ ಉತ್ತರ ತುದಿಯಿಂದ ಇನ್ನೊಂದು ಫೆರಿ ಹಿಡಿದರೆ ಕಾರಿನಲ್ಲೇ ಅಲ್ಲಿಗೆ ಹೋಗಬಹುದು. ದೇವರು ನದಿ ದಾಟಿದ ದಾರಿಯಲ್ಲೇ ನೀವೂ ದಾಟುತ್ತೀರಿ.

ಚೋರಾವ್‌ನಲ್ಲಿ ಫೆರಿ ಇಳಿಯುತ್ತಿದ್ದಂತೆ ಸಿಗುವುದು ಸಲೀಂ ಅಲಿ ಪಕ್ಷಿಧಾಮ. 1.78 ಚದರ ಕಿ.ಮೀ.ಯ ಕಾಂಡ್ಲಾ ಕಾಡು. ಕಾರು ಹೊರಗೆ ಬಿಟ್ಟು ಕಾಲ್ನಡಿಗೆಯಲ್ಲಿ ಹೋಗಬೇಕು. ವಲಸೆ ಹಕ್ಕಿಗಳಿಗಾದರೆ ಚಳಿಗಾಲ ಸರಿಯಾದ ಸಮಯ.

ಊಟ: ಹೆಸರು ಬೇರೆ, ರುಚಿ ಪರಿಚಿತ

ದ್ವೀಪದ ರಸ್ತೆಯ ಎರಡೂ ಬದಿ ಕಾಣುವ ತಗ್ಗು ಗದ್ದೆಗಳಿಗೆ ‘ಖಾಜನ್’ ಎನ್ನುತ್ತಾರೆ. ಉಬ್ಬರದ ಉಪ್ಪುನೀರನ್ನು ಮಣ್ಣಿನ ಒಡ್ಡು ಹಾಕಿ ತಡೆದು, ತೂಬಿನ ಬಾಗಿಲಿನಿಂದ ನೀರು ಹತೋಟಿ ಮಾಡಿ, ಮಳೆಗಾಲದಲ್ಲಿ ಭತ್ತ, ಉಳಿದ ದಿನ ಮೀನು, ಸಿಗಡಿ ಬೆಳೆಯುವ ಜಮೀನು. ಕುಮಟಾ, ಅಘನಾಶಿನಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಅದು ಅವರ ‘ಗಜನಿ’. ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಇದ್ದರೆ ಇಲ್ಲಿ ಕೊರ್ಗುಟ್. ಒಡ್ಡು ಒಡೆದರೆ ಒಂದೇ ಉಬ್ಬರಕ್ಕೆ ಗದ್ದೆ ಹಾಳು. ಹಾಗಾಗಿ ಫೋಟೊಗಾಗಿ ಒಡ್ಡಿನ ಮೇಲೆ ಕಾರು ಹತ್ತಿಸಬೇಡಿ.

ಊಟಕ್ಕೆ ಸಣ್ಣ ಖಾನಾವಳಿ ಹುಡುಕಿ, ‘ಫಿಶ್ ಥಾಳಿ’ ಕೇಳಿ. ಕೆಂಪು ಕುಚಲಕ್ಕಿ ಅನ್ನ (ಅವರ ‘ಉಕ್ಡೆ’), ಕಾಯಿ ಹಾಕಿದ ಮೀನು ಸಾರು, ರವೆ ಹಚ್ಚಿ ಹುರಿದ ಬಂಗುಡೆ, ಒಣ ಸಿಗಡಿಗೆ ಕಾಯಿತುರಿ ಬೆರೆಸಿದ ಕಿಸ್ಮುರ್, ಮುರುಗಲಿನ ಸೋಲ್ ಕಡಿ. ಕಾರವಾರದವರಿಗೆ ಮನೆ ಊಟ ಇದು. ಬಯಲುಸೀಮೆಯವರು ಸೋಲ್ ಕಡಿಯನ್ನು ಮಜ್ಜಿಗೆಯಂತೆ ಕೊನೆಗೆ ಕುಡಿದರೆ ಹೊಟ್ಟೆಗೆ ಹಿತ. ಬಾಡಿಗೆ ಕಾರಿನ ದೊಡ್ಡ ಲಾಭವೇ ಇದು, ಬೀಚ್ ಶ್ಯಾಕ್‌ನ ಮೆನು ಬಿಟ್ಟು ಹೀಗೆ ಒಳಗಿನ ಊರಿನಲ್ಲಿ ನಿಲ್ಲಬಹುದು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಸಮುದ್ರದ ದೊಡ್ಡ ಮೀನಿನ ಬದಲು ನದಿ ಮೀನು, ಚಿಪ್ಪಿ ಕೇಳುವುದು ಜಾಣತನ.

ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ. ಹಲವು ತರಕಾರಿಗಳನ್ನು ಕಾಯಿ, ತಿರ್ಫಳ ಹಾಕಿ ಬೇಯಿಸುವ ಖತಖತೆ, ಕೆಂಪು ಹರಿವೆಯ ‘ತಾಂಬ್ಡಿ ಭಾಜಿ’, ಅಲಸಂದೆ ತೊನಾಕ್ ಇವೆ. ಅಲಸಂದೆಗೆ ಅವರು ಹೇಳುವುದೂ ‘ಅಳಸಂದೆ’ ಎಂದೇ. ಗೋವಾದ ಮಾರುಕಟ್ಟೆಯ ತರಕಾರಿಯಲ್ಲಿ ಬಹುಪಾಲು ಬೆಳಗಾವಿಯಿಂದ ಹೋಗುವುದು. ನಿಜವಾದ ಊರ ತರಕಾರಿ ಬೇಕಿದ್ದರೆ ಮಾಪುಸಾದ ಶುಕ್ರವಾರದ ಸಂತೆಯಲ್ಲಿ ನೆಲದ ಮೇಲೆ ಕುಳಿತು ಮಾರುವ ಹೆಂಗಸರ ಬುಟ್ಟಿ ನೋಡಿ. ಆಗಸೈಂ ಬದನೆ, ಪಕ್ಕದ ಸಾಂತ್ ಎಸ್ತೆವಾಂ ದ್ವೀಪದ ಏಳು ಏಣಿನ ಬೆಂಡೆ ಅಲ್ಲಿ ಸಿಗುತ್ತವೆ. ಸಂಜೆ ಸೈಕಲ್ ಮೇಲೆ ಹಾರ್ನ್ ಒತ್ತುತ್ತಾ ಬರುವ ‘ಪೊದೆರ್’ ಬಳಿ ತವುಡು ಹಚ್ಚಿದ ಪೊಯ್ ಬ್ರೆಡ್ ಕೊಳ್ಳಿ, ಬಿಸಿಯಿರುವಾಗಲೇ ತಿನ್ನಿ.

ಗೋಡಂಬಿ ಹಣ್ಣಿನ ಉರಾಕ್ ಬೇಸಿಗೆಯ ಕೆಲವೇ ವಾರ ಸಿಗುತ್ತದೆ, ಫೆನ್ನಿ ವರ್ಷವಿಡೀ. ಫೆನ್ನಿಗೆ 2009ರಲ್ಲೇ ಜಿಐ ಮಾನ್ಯತೆ ಬಂದಿದೆ. ಕುಡಿಯುವವರು ಯಾರು, ಓಡಿಸುವವರು ಯಾರು ಎಂಬುದು ಬೆಳಗ್ಗೆಯೇ ತೀರ್ಮಾನವಾಗಲಿ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ದಾಟಿದರೆ ಕೇಸು, ಮೊದಲ ಸಲಕ್ಕೆ 10,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕಪ್ಪು ಪ್ಲೇಟಿನ ಕಾರಿನ ವಿಮೆಯೂ ಕುಡಿದು ಓಡಿಸಿದವರನ್ನು ಕಾಪಾಡುವುದಿಲ್ಲ.

ಹಿಂಡನ್‌ಗೆ ವಾಪಸ್ ಬರುವವರು ಫೆನ್ನಿ ಬಾಟಲಿಯನ್ನು ಚೆಕ್-ಇನ್ ಬ್ಯಾಗ್‌ನಲ್ಲಿ ಇಡಲು ವಿಮಾನ ನಿಯಮ ಅಡ್ಡಿ ಮಾಡದು, ಆದರೆ ಹೊರ ರಾಜ್ಯದ ಮದ್ಯದ ಬಗ್ಗೆ ಉತ್ತರ ಪ್ರದೇಶದ ಅಬಕಾರಿ ಇಲಾಖೆ ಕಟ್ಟುನಿಟ್ಟು. ದೆಹಲಿ ಗಡಿಯಲ್ಲಿ ಘಾಜಿಯಾಬಾದ್‌ನವರಿಗೆ ಅದರ ಅನುಭವ ಸಾಕಷ್ಟಿದೆ. ಅದರ ಬದಲು ಒಣ ಮುರುಗಲ ಸಿಪ್ಪೆ, ಪದರ ಪದರವಾದ ಬೆಬಿಂಕಾ ತನ್ನಿ. ಬೆಬಿಂಕಾ ಕೆಲವು ದಿನ ಕೆಡುವುದಿಲ್ಲ, ಮುರುಗಲು ಮುಂದಿನ ಬೇಸಿಗೆಗೂ ಬರುತ್ತದೆ.