ಕೊಳ್ಳೇಗಾಲ ಸೀಮೆಯ ವಂಶಶೋಧ: ಸನ್ನದಿನಿಂದ ಒಕ್ಕಲಿನವರೆಗೆ

ಕೊಳ್ಳೇಗಾಲ, ಹನೂರು, ಯಳಂದೂರು ಎಂಬ ಮೂರು ತಾಲ್ಲೂಕುಗಳಲ್ಲಿ ಮಗ್ಗವನ್ನು ನಂಬಿ ನೆಲಸಿದ ದೇವಾಂಗರು, ತೆಲುಗು ಮನೆಮಾತಿನ ಪದ್ಮಸಾಲಿಗಳು, ಮಾರ್ಟಳ್ಳಿಯ ತಮಿಳು ಕ್ರೈಸ್ತರು, ಒಡೆಯರಪಾಳ್ಯದ ಟಿಬೆಟನ್ನರು, ಇವರೆಲ್ಲರಿಗಿಂತ ಮುಂಚಿನಿಂದಲೂ ಬೆಟ್ಟವನ್ನೇ ಮನೆಯಾಗಿ ಉಳ್ಳ ಸೋಲಿಗರು, ಹೀಗೆ ನಾನಾ ಮೂಲದ ಜನ ಕೂಡಿ ಬಾಳುತ್ತಿರುವಾಗ, ‘ನಮ್ಮ ಹಿರಿಯರು ಎಲ್ಲಿಯವರು, ಯಾವಾಗ ಬಂದರು’ ಎಂಬ ಪ್ರಶ್ನೆ ಇಲ್ಲಿ ಪದೇ ಪದೇ ಎದ್ದುದು ಸಹಜವೇ ಸರಿ. ಆದರೆ ಆ ಪ್ರಶ್ನೆಗೆ ಉತ್ತರವನ್ನು ಬರೆದಿಟ್ಟವರು ಬಹುತೇಕ ಭೂಮಿಯ ಹಕ್ಕನ್ನೋ ತೆರಿಗೆಯನ್ನೋ ನಿಷ್ಕರ್ಷೆ ಮಾಡಬೇಕಾದವರಾಗಿದ್ದರೆಂಬುದನ್ನು ವಂಶಶೋಧವೆಂಬ ಈ ಕ್ಷೇತ್ರದ ಬೆಳವಣಿಗೆಯನ್ನು ಪರಿಶೀಲಿಸುವವರು ಮೊದಲೇ ಮನಗಾಣಬೇಕು.

ಆರಂಭದ ಶೋಧನೆ ಅರಸರನ್ನು ಕುರಿತದ್ದು. ಬಿ. ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟದಲ್ಲಿ ಯಳಂದೂರು ಜಹಗೀರಿನ ಶಾಸನಗಳು ಸೇರಿದುವು, ಆಗ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದ ಕೊಳ್ಳೇಗಾಲ ಅದರಿಂದ ಹೊರಗುಳಿಯಿತು. ನೆರೆಹೊರೆಯ ಊರುಗಳ ಚರಿತ್ರೆ ಎರಡು ಸರಕಾರಗಳ ಕಡತಗಳಲ್ಲಿ ಹಂಚಿಹೋದುದಕ್ಕೆ ಇದೊಂದು ನಿದರ್ಶನ. ಶಾಸನಗಳಲ್ಲಿ ಪಾಳೆಯಗಾರರ ವಂಶಾವಳಿ ದೊರೆಯುವುದು. ಸಾಮಾನ್ಯ ಒಕ್ಕಲಿಗನಾದರೋ ದಾನ ಕೊಟ್ಟಾಗ ಅಥವಾ ತುರುಗಾಳಗದಲ್ಲಿ ಮಡಿದಾಗ ಮಾತ್ರ ಕಲ್ಲಿನ ಮೇಲೆ ಕಾಣಿಸಿಕೊಳ್ಳುವನು. ಕವಿಗಳ ವಿಷಯದಲ್ಲಿ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ ಉಪಕಾರ ಮಾಡಿತೆಂಬುದು ನಿಜ. ಆದರೂ ಯಳಂದೂರಿನವಳೆಂದು ಪ್ರತೀತಿಯುಳ್ಳ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದು ‘ಹದಿಬದೆಯ ಧರ್ಮ’ವನ್ನು ರಚಿಸಿದ ಹೊನ್ನಮ್ಮನ ತಂದೆತಾಯಿಗಳ ವಿಚಾರವಾಗಿ ನಾವು ಹೇಳಬಲ್ಲುದು ಇಂದಿಗೂ ಅತ್ಯಲ್ಪ.

ಈ ಸೀಮೆಯಲ್ಲಿ ವಲಸಿಗನೊಬ್ಬನ ಮನೆತನವನ್ನು ಆಧಾರಸಹಿತವಾಗಿ ಹಿಂಬಾಲಿಸಬಹುದಾದ ಅತ್ಯುತ್ತಮ ಉದಾಹರಣೆ ದಿವಾನ್ ಪೂರ್ಣಯ್ಯನವರದು. 1746ರಲ್ಲಿ ಕೊಯಮತ್ತೂರು ಸೀಮೆಯಲ್ಲಿ ಜನಿಸಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಲೆಕ್ಕಪತ್ರದ ಚಾತುರ್ಯವೊಂದನ್ನೇ ಬಂಡವಾಳವಾಗಿಸಿಕೊಂಡು ಶ್ರೀರಂಗಪಟ್ಟಣವನ್ನು ಸೇರಿ, ಹೈದರ, ಟಿಪ್ಪು, ಬಳಿಕ ಒಡೆಯರು ಈ ಮೂವರ ಕಾಲದಲ್ಲಿಯೂ ಅಧಿಕಾರ ನಡೆಸಿದ ಆ ಪುರುಷನಿಗೆ 1807ರಲ್ಲಿ ಯಳಂದೂರು ವಂಶಪಾರಂಪರ್ಯದ ಜಹಗೀರಾಗಿ ದೊರೆಯಿತು. 1812ರಲ್ಲಿ ಅವರು ತೀರಿಕೊಂಡರು. ಅದೇ ವಂಶದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಹೀಗೆ ಕೊಂಡಿ ಕಳಚದೆ ಉಳಿದುದಕ್ಕೆ ಕಾರಣ ರಕ್ತದ ಮಹಿಮೆಯಲ್ಲ, ಸನ್ನದಿನ ಮಹಿಮೆ. ಜಹಗೀರು ಯಾರಿಗೆ ಸಲ್ಲಬೇಕೆಂಬುದು ಪ್ರತಿ ತಲೆಮಾರಿನಲ್ಲಿಯೂ ಸ್ಥಿರಪಡಬೇಕಾಗಿತ್ತಾದುದರಿಂದ ಮಗನಾರು, ದತ್ತಕನಾರು ಎಂಬುದು ಕಾಗದದ ಮೇಲೆ ಉಳಿಯಿತು.

ಅನ್ಯದೇಶದ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವೇನಲ್ಲ. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯಿಂದ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋದ ರೈತರೂ ಕುಶಲಕರ್ಮಿಗಳೂ ಇಂದು ತಮ್ಮ ಸಂತತಿಯವರ ಕಣ್ಣಿಗೆ ಬೀಳುವುದು, 1727ರಿಂದ ಆಂಗ್ಲ ದೊರೆಗೆ ನಿಷ್ಠೆಯ ಪ್ರಮಾಣ ಮಾಡಿಸಿ ಫಿಲಡೆಲ್ಫಿಯಾ ಬಂದರಿನಲ್ಲಿ ಬರೆಸಿಕೊಂಡ ಹಡಗಿನ ಪಟ್ಟಿಗಳಿಂದ. 1934ರಲ್ಲಿ ಆ ಪಟ್ಟಿಗಳು ಮೂರು ಸಂಪುಟಗಳಾಗಿ ಅಚ್ಚಾದ ಮೇಲೆಯೇ ಅಲ್ಲಿನ ವಂಶಶೋಧಕ್ಕೆ ಭದ್ರವಾದ ತಳಹದಿ ಬಂದಿತು. ಪರಕೀಯರ ಮೇಲಿನ ಸಂಶಯ ಹುಟ್ಟಿಸಿದ ದಾಖಲೆಯೇ ಅವರ ಮರಿಮಕ್ಕಳ ಸಂಪತ್ತಾಯಿತು!

ನಮ್ಮಲ್ಲಿ ಆ ಸ್ಥಾನವನ್ನು ತಕ್ಕಮಟ್ಟಿಗೆ ತುಂಬಬಲ್ಲುದು ಇನಾಮು ರಿಜಿಸ್ಟರು. 1799ರ ಬಳಿಕ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ 1956ರ ನವೆಂಬರ್ 1ರವರೆಗೂ ಮದರಾಸಿನ ಅಧೀನದಲ್ಲಿಯೇ ಇದ್ದುದರಿಂದ, 1858ರಲ್ಲಿ ಆರಂಭವಾದ ಮದರಾಸಿನ ಇನಾಮು ಕಮಿಷನ್ನಿನ ವಿಚಾರಣೆ ಇಲ್ಲಿನ ಇನಾಮುದಾರರಿಗೂ ತಗುಲಿತು. ಆ ರಿಜಿಸ್ಟರಿನ ಒಂದು ಪುಟವನ್ನು ಬಿಡಿಸಿ ನೋಡಿದರೆ, ಪುಟದ ಉದ್ದಕ್ಕೂ ಹಾಯ್ದ ಅಂಕಣಗಳಲ್ಲಿ ಮೂಲ ದಾನ ಪಡೆದವನ ಹೆಸರು, ದಾನ ಕೊಟ್ಟವನು, ಈಗ ಅನುಭವಿಸುತ್ತಿರುವವನ ಹೆಸರು, ವಯಸ್ಸು, ಮೂಲಪುರುಷನಿಗೂ ಅವನಿಗೂ ಇರುವ ಸಂಬಂಧ, ಇವೆಲ್ಲ ಕಾಣುವುವು. ಪೂಜಾರಿ, ತೋಟಿ, ನೀರಗಂಟಿ ಮೊದಲಾದ ಚಾಕರಿಯವರೂ ಇಂಥ ಕಾಗದಗಳಲ್ಲಿ ಬರುವುದರಿಂದ, ವಂಶಚರಿತ್ರೆ ಅರಮನೆಯಿಂದ ಇಳಿದು ಕೇರಿಗೆ ಬಂದುದು ಈ ಹಂತದಲ್ಲಿಯೇ ಎಂದು ನನ್ನ ಅಭಿಪ್ರಾಯ. ಇದರ ಜೊತೆಗೆ ಶಾನುಭೋಗರ ಮನೆಗಳ ಕಡತಗಳಿದ್ದುವು: ಹುಣಸೆಬೀಜದ ಸರಿಗೆ ಇದ್ದಿಲಪುಡಿ ಬೆರಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಆ ಕರಿಯ ಪುಸ್ತಕಗಳು ಅಳಿಸಿ ಮತ್ತೆ ಬರೆಯುವುದಕ್ಕೆ ಅನುಕೂಲವಾಗಿದ್ದಂತೆಯೇ ಸಂಶೋಧಕನಿಗೆ ಪ್ರತಿಕೂಲವಾಗಿಯೂ ಇದ್ದುವು. 1961ರ ಶಾಸನದಿಂದ ಶಾನುಭೋಗಿಕೆ, ಪಟೇಲಿಕೆಗಳು ರದ್ದಾದಾಗ ಇಂಥ ಖಾಸಗಿ ಕಾಗದಗಳಿಗೆ ದಿಕ್ಕಿಲ್ಲದಂತಾಯಿತು.

ಕಾಗದದ ಗಂಧವಿಲ್ಲದ ಮನೆಗಳಿಗೆ ಹಾಡೇ ಆಧಾರ. ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷೆಗೆಂದು ಬಂದ ಬುಕಾನನ್ 1800ರಲ್ಲಿ ಹನೂರು, ಕೌದಳ್ಳಿಗಳ ದಾರಿಯಾಗಿ ಸಂಚರಿಸಿ ಬೆಳೆ, ಜಾತಿ, ಪಾಳುಬಿದ್ದ ಊರುಗಳನ್ನು ಕುರಿತು ಬರೆದುಕೊಂಡನಷ್ಟೆ. ಕಂಸಾಳೆಯವರ ಬಾಯಲ್ಲಿದ್ದ ಮಾದೇಶ್ವರನ ಕಥೆ, ನೀಲಗಾರರ ಬಾಯಲ್ಲಿದ್ದ ಮಂಟೇಸ್ವಾಮಿಯ ಕಥೆ, ಇವು ಜಾನಪದ ವಿದ್ವಾಂಸರ ಕೈ ಸೇರಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಡಾ. ಪಿ. ಕೆ. ರಾಜಶೇಖರ ಅವರ ಮಲೆಯ ಮಾದೇಶ್ವರ ಕಾವ್ಯದ ಸಂಗ್ರಹ 1973ರದು. ಈ ಎರಡು ಕಾವ್ಯಗಳ ನಾಯಕರೂ ಬಡಗಣಿಂದ ಬಂದ ವಲಸಿಗರೇ ಎಂಬುದನ್ನೂ, ಅವರು ಒಕ್ಕಲು ಪಡೆದ ಊರುಗಳೂ ಮನೆತನಗಳೂ ಕಥೆಯುದ್ದಕ್ಕೂ ಹೆಸರುಗೊಂಡು ಬರುವುದನ್ನೂ ಗಮನಿಸಬೇಕು. ‘ನೀವು ಯಾವ ದೇವರ ಒಕ್ಕಲು?’ ಎಂದು ಚಿಕ್ಕಲ್ಲೂರು ಜಾತ್ರೆಯಲ್ಲಿ ಒಬ್ಬ ಹಿರಿಯನನ್ನು ಕೇಳಿದರೆ ದೊರೆಯುವ ಉತ್ತರ ಕಚೇರಿಯ ನಕಲಿಗಿಂತ ಹೆಚ್ಚು ಹಿಂದಕ್ಕೆ ಒಯ್ಯುವುದುಂಟು. ಹಾಡಿನಲ್ಲಿ ಇಸವಿಯಿಲ್ಲವೆಂದು ಚರಿತ್ರಕಾರರು ಮೂಗು ಮುರಿಯುವುದೂ ಉಂಟು. ಇಸವಿಯಿಲ್ಲದಿದ್ದರೂ ಹಿರಿಯರು ಬಂದ ದಾರಿ ಅದರಲ್ಲಿ ಇದೆಯಲ್ಲ, ಅದನ್ನೇಕೆ ಬಿಡಬೇಕು?

ಬಿಳಿಗಿರಿರಂಗನ ಬೆಟ್ಟದಲ್ಲಿ ಎರಡು ಬಗೆಯ ವಂಶಕಥನಗಳು ಎದುರುಬದುರಾಗಿ ನಿಂತಿವೆ. ಕಾಫಿ ಬೆಳೆಯಲು ಬಂದ ಮಾರಿಸ್ ಮನೆತನದ ಮಗಳೂ, 1955ರ ಮಹಿಳಾ ಹಿಮಾಲಯಾರೋಹಣ ತಂಡದ ಸದಸ್ಯೆಯೂ ಆದ ಮೋನಿಕಾ ಜಾಕ್ಸನ್ ತಮ್ಮ ಬಾಲ್ಯದ ನೆಲವನ್ನು ಕುರಿತು ಪುಸ್ತಕ ಬರೆದರು. ಸೋಲಿಗರಾದರೋ ಹಾಲೇರು, ತೇನೇರು, ಬೆಳ್ಳೇರು ಮೊದಲಾದ ಕುಲಗಳ ನೆನಪನ್ನು ಕುಲದೊಳಗೆ ಹೆಣ್ಣು ತರಬಾರದೆಂಬ ಕಟ್ಟಳೆಯಲ್ಲಿಯೂ, ಕಾಡಿನ ದೇವರು, ಮಾರಮ್ಮ, ಕಲ್ಲುಗುಡಿಗಳಲ್ಲಿಯೂ ಇರಿಸಿಕೊಂಡಿದ್ದರು. ಆ ಪುಣ್ಯಸ್ಥಳಗಳ ನಕ್ಷೆಯನ್ನು ಸೋಲಿಗರೇ ಸಂಶೋಧಕರೊಡಗೂಡಿ ಸಿದ್ಧಪಡಿಸಿದರು. 2011ರಲ್ಲಿ ಅರಣ್ಯ ಹಕ್ಕು ಕಾಯಿದೆಯಂತೆ ಸೋಲಿಗರ ಹಾಡಿಗಳಾದ ಹಲವು ಪೋಡುಗಳಿಗೆ ಸಾಮುದಾಯಿಕ ಹಕ್ಕು ಮಾನ್ಯವಾಯಿತು. ಈ ಕ್ಷೇತ್ರದ ಈಚಿನ ಸಾಧನೆಗಳಲ್ಲಿ ಆ ನಕ್ಷೆಯ ಕೆಲಸವನ್ನೇ ನಾನು ಮೊದಲೆಂದು ಎಣಿಸುವೆನು.

ಇಂದು ‘ವಂಶವೃಕ್ಷ’ವೆಂದರೆ ಪೌತಿ ಖಾತೆಗಾಗಿ ನಾಡಕಚೇರಿಯಿಂದ ಪಡೆಯುವ ದೃಢೀಕರಣ ಪತ್ರವೆಂದೇ ಜನ ತಿಳಿಯುವರು. 1994ರಲ್ಲಿ ಕರ್ನಾಟಕದ ತಿದ್ದುಪಡಿಯಿಂದಲೂ, 2005ರಲ್ಲಿ ಕೇಂದ್ರದ ತಿದ್ದುಪಡಿಯಿಂದಲೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಭಾಗ ಬಂದ ಮೇಲೆ ಅವರ ಹೆಸರು ಬಿಟ್ಟುಹೋದ ವೃಕ್ಷ ಕಚೇರಿಯಲ್ಲಿ ಸಲ್ಲದು. ಹೊರಗಿನಿಂದ ಸೊಸೆಯರಾಗಿ ಬಂದವರ ತವರೂರಾದರೋ ಆ ಪತ್ರದಲ್ಲಿ ಈಗಲೂ ಇಲ್ಲ. ವಲಸೆಯ ಅರ್ಧ ಚರಿತ್ರೆ ಅಲ್ಲಿಯೇ ಇದೆ. ಈ ಮೂರು ತಾಲ್ಲೂಕುಗಳ ವಾಚಕರು ತಮ್ಮ ಅಜ್ಜಿ, ಮುತ್ತಜ್ಜಿಯರ ತವರೂರನ್ನೂ ಮನೆದೇವರನ್ನೂ ಬಲ್ಲವರು ಬದುಕಿರುವಾಗಲೇ ಕೇಳಿ ಬರೆದಿಡಬೇಕು. ಅಟ್ಟದ ಮೇಲೆ ಕಡತವೋ ಇನಾಮಿನ ನಕಲೋ ಇದ್ದರೆ ಒಲೆಗೆ ಹಾಕುವ ಮುನ್ನ ಓದಬಲ್ಲವರೊಬ್ಬರಿಗೆ ತೋರಿಸಬೇಕು.