ಕುದುರೆಯ ಅಡ್ಡ ಹೆಜ್ಜೆ

1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಾಳೆಗರಿಯ ಕಟ್ಟೊಂದನ್ನು ಕೊಟ್ಟುಹೋದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಅದೇ ಕೌಟಿಲ್ಯನ ‘ಅರ್ಥಶಾಸ್ತ್ರ’. ಅದರ ಎರಡನೆಯ ಅಧಿಕರಣದಲ್ಲಿ ಅಶ್ವಾಧ್ಯಕ್ಷನ ಕೆಲಸ ಹೇಳುವ ಅಧ್ಯಾಯವೊಂದಿದೆ. ರಾಜನೀತಿ ಹುಡುಕಿಕೊಂಡು ಬಂದವರು ಸಾಮಾನ್ಯವಾಗಿ ದಾಟಿಹೋಗುವ ಅಧ್ಯಾಯ. ಸವಾರಿ ಕುದುರೆಯ ನಡೆಗಳ ಪಟ್ಟಿ ಇರುವುದು ಅಲ್ಲೇ. ‘ನೀಚೈರ್ಗತ’ ಎಂಬ ಒಂದೇ ನಡೆಯಲ್ಲಿ ಹದಿನಾರು ಬಗೆ: ಅಲೆಯಂತೆ ಸಾಗುವ ಊರ್ಮಿಮಾರ್ಗ, ಸಿಂಹಾಯತ, ಶರಭಕ್ರೀಡಿತ, ಹೀಗೆ. ನಾಲ್ಕನೆಯದರ ಹೆಸರು ಪಾರ್ಶ್ವಾನುವೃತ್ತ.

ಪಾರ್ಶ್ವ ಎಂದರೆ ಪಕ್ಕ. ಅಂದಮೇಲೆ ಇಂದು ಒಲಿಂಪಿಕ್ಸ್‌ನ ಡ್ರೆಸಾಜ್ ಸ್ಪರ್ಧೆಯಲ್ಲಿ ಕುದುರೆಗಳು ಇಡುವ ಅಡ್ಡ ಹೆಜ್ಜೆ ನಮ್ಮಲ್ಲಿ ಆಗಲೇ ಇತ್ತು ಎಂದು ಬರೆದುಬಿಡಲು ಕೈ ತುರಿಸುತ್ತದೆ. ಸ್ವಲ್ಪ ತಡೆಯಬೇಕು.

ಆ ಅಡ್ಡ ಹೆಜ್ಜೆಗಳಲ್ಲಿ ಮುಖ್ಯವಾದದ್ದು ‘ಶೋಲ್ಡರ್-ಇನ್’. ಕುದುರೆ ಗೋಡೆಯ ಪಕ್ಕದಲ್ಲಿ ಮುಂದಕ್ಕೆ ಹೋಗುತ್ತಿರುತ್ತದೆ, ಆದರೆ ಅದರ ಭುಜಗಳು ಸುಮಾರು 30 ಡಿಗ್ರಿ ಒಳಗೆ ಸರಿದಿರುತ್ತವೆ. ಎದುರು ನಿಂತು ನೋಡಿದರೆ ನಾಲ್ಕು ಕಾಲು ಮೂರೇ ಸಾಲಿನಲ್ಲಿ ಬೀಳುವುದು ಕಾಣುತ್ತದೆ. ಒಳಗಿನ ಹಿಂಗಾಲು ಹೊಟ್ಟೆಯ ಕೆಳಗೆ ಬಂದು ಭಾರ ಹೊರಬೇಕು. ಅದಕ್ಕಾಗಿ ಸೊಂಟ, ಮಂಡಿ ಬಾಗಬೇಕು. ಕಸರತ್ತಿನ ಗುಟ್ಟೆಲ್ಲ ಇರುವುದು ಇಷ್ಟರಲ್ಲೇ. ಇಂಗ್ಲೆಂಡಿನ ನ್ಯೂಕಾಸಲ್ ದೊರೆ 17ನೇ ಶತಮಾನದಲ್ಲಿ ಇದನ್ನು ವೃತ್ತದ ಮೇಲೆ ಮಾಡಿಸುತ್ತಿದ್ದ. ಪ್ಯಾರಿಸ್ಸಿನ ಸವಾರಿ ಗುರು ಗೆರಿನಿಯೇರ್ ಅದನ್ನು ನೇರ ಗೋಡೆಯ ಪಕ್ಕಕ್ಕೆ ತಂದ. ಯಾವ ಕಾಲು ಯಾವುದನ್ನು ದಾಟಬೇಕು, ಅದರಿಂದ ಭುಜಕ್ಕೇನು ಲಾಭ ಎಂಬುದನ್ನು 1733ರ ‘ಎಕೋಲ್ ದ ಕವಾಲರಿ’ಯಲ್ಲಿ ವಿವರಿಸಿದ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್ ಈಗಲೂ ಆ ಪುಸ್ತಕವನ್ನೇ ಆಧಾರವಾಗಿ ಇಟ್ಟುಕೊಂಡಿದೆ.

ಅರ್ಥಶಾಸ್ತ್ರದಲ್ಲಿ ಇದ್ಯಾವುದೂ ಇಲ್ಲ. ಹೆಸರಷ್ಟೇ ಇದೆ. ‘ಅನುವೃತ್ತ’ ಎಂದರೆ ಅನುಸರಿಸಿದ್ದು. ಹಾಗಾದರೆ ಕುದುರೆ ಪಕ್ಕಕ್ಕೆ ಸರಿಯಿತೋ, ಒಂದು ಪಕ್ಕಕ್ಕೆ ವಾಲಿತೋ, ಬರೀ ಒಂದು ಬದಿ ಹಿಡಿದು ನಡೆಯಿತೋ? ವ್ಯಾಕರಣ ಮೂರಕ್ಕೂ ಒಪ್ಪುತ್ತದೆ. ಶಾಮಶಾಸ್ತ್ರಿಗಳು ತಮ್ಮ ಇಂಗ್ಲಿಷ್ ಅನುವಾದದಲ್ಲಿ ಎರಡು ಮೂರು ಪದದ ವಿವರಣೆ ಕೊಟ್ಟು ಮುಂದೆ ಹೋಗುತ್ತಾರೆ. ಅವರನ್ನು ದೂರುವಂತಿಲ್ಲ, ಮೂಲದಲ್ಲೇ ಅದಕ್ಕಿಂತ ಹೆಚ್ಚಿಲ್ಲ. ಕೌಟಿಲ್ಯ ಬರೆಯುತ್ತಿದ್ದದ್ದು ಲಾಯದ ಅಧಿಕಾರಿಗೆ. ಎಷ್ಟು ಕುದುರೆ, ಎಂಥ ತಳಿ, ಎಷ್ಟು ಮೇವು ಎಂಬುದು ಅವನಿಗೆ ಬೇಕು. ಕುದುರೆ ಕಟ್ಟುವ ಹಗ್ಗದ ವಿಷಯವನ್ನೂ ‘ಯೋಗ್ಯಾಚಾರ್ಯರು’, ಅಂದರೆ ಪಳಗಿಸುವ ಗುರುಗಳು, ಹೇಳಿಕೊಡಲಿ ಎಂದು ಅದೇ ಅಧ್ಯಾಯದಲ್ಲಿ ಬಿಟ್ಟುಕೊಟ್ಟಿದ್ದಾನೆ. ಸವಾರನ ಕಾಲು ಎಲ್ಲಿ ಒತ್ತಬೇಕು, ಲಗಾಮು ಎಷ್ಟು ಸಡಿಲಬೇಕು ಎಂಬುದು ಆ ಗುರುಗಳಿಗೆ ಗೊತ್ತಿತ್ತು. ಅವರು ಹೇಳಿದ್ದು ಈ ಗರಿಗಳಿಗೆ ಇಳಿದಿಲ್ಲ.

2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ನಾಲ್ವರ ತಂಡ ಡ್ರೆಸಾಜ್ ಚಿನ್ನ ಗೆದ್ದಿತು. ಕುದುರೆ ಸವಾರಿಯಲ್ಲಿ ದೇಶಕ್ಕೆ 41 ವರ್ಷಗಳ ನಂತರ ಬಂದ ಚಿನ್ನ. ನಾಲ್ವರೂ ತರಬೇತಿ ಪಡೆದದ್ದು ಯುರೋಪಿನಲ್ಲಿ, ಗೆರಿನಿಯೇರ್ ಬರೆದಿಟ್ಟ ಪಾಠ ಕೈಯಿಂದ ಕೈಗೆ ಬಂದ ಅಂಗಳಗಳಲ್ಲಿ.